ಉಣ್ಣೆಯಿಟ್ಟು ಚುಚ್ಚಿದರೆ

ಮಳೆಗಾಲ ಕಳೆದು ಬಿಸಿಲು ಬಿದ್ದೊಡನೆ ಉಡುಪಿ, ಮಣಿಪಾಲ, ಕಾರ್ಕಳದ ಮನೆಗಳಲ್ಲಿ ಹಾಸಿಗೆ ದಿಂಬುಗಳ ಜೊತೆ ಮಕ್ಕಳ ಟೆಡ್ಡಿಯೂ ಅಂಗಳಕ್ಕೆ ಬರುತ್ತದೆ. ಬೂಸ್ಟು ಒರೆಸಿ ನೋಡಿದರೆ ಮೂಗಿನ ಸುತ್ತ ರೋಮ ಉದುರಿದೆ, ಕಿವಿಯ ಬುಡದಲ್ಲಿ ಹತ್ತಿ ಇಣುಕುತ್ತಿದೆ. "ಬಿಸಾಡಿ ಹೊಸತು ತರುವ" ಅನ್ನುತ್ತಾರೆ ದೊಡ್ಡವರು. ಮಗು ಒಪ್ಪುವುದಿಲ್ಲ. ಮಗುವಿನ ಮಾತೇ ನಮ್ಮ ಕರಾವಳಿಯ ರೂಢಿಗೆ ಹತ್ತಿರ. ಜೂನ್, ಜುಲೈಯಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯದ 61 ದಿನ ಮಲ್ಪೆಯಲ್ಲಿ ಬಲೆ ರಿಪೇರಿಯ ಕಾಲ. ಕಾಪುವಿನ ಕಡಲಕರೆಯಲ್ಲೂ ಅಷ್ಟೆ, ಬಲೆ ಹರಿದರೆ ಹರಿದಷ್ಟನ್ನೇ ಹೆಣೆಯುತ್ತಾರೆ.

ಬಟ್ಟೆಯ ಗೊಂಬೆಗೂ ಅಂಥದೊಂದು ಕೈಕೆಲಸವಿದೆ, ನೀಡಲ್ ಫೆಲ್ಟಿಂಗ್. ಇದರ ಸೂಜಿಗೆ ನೂಲು ಪೋಣಿಸುವ ಕಣ್ಣಿಲ್ಲ, ತುದಿಯ ಬಳಿ ಸಣ್ಣ ಸಣ್ಣ ಕಚ್ಚುಗಳಿವೆ. ಗೊಂಬೆ ಪೂರ್ತಿ ಒಣಗಿದ ಮೇಲೆ, ಸವೆದ ಜಾಗದಲ್ಲಿ ಬಣ್ಣಕ್ಕೆ ಹೊಂದುವ ಒಂದು ಚಿಟಿಕೆ ಉಣ್ಣೆಯಿಟ್ಟು ಮತ್ತೆ ಮತ್ತೆ ಚುಚ್ಚಬೇಕು. ಚುಚ್ಚಿದಾಗಲೆಲ್ಲ ಕೆಲವು ಎಳೆಗಳು ಒಳಗಿಳಿದು ಅಲ್ಲೇ ಸಿಕ್ಕಿಕೊಳ್ಳುತ್ತವೆ. ಅಂಟೂ ಬೇಡ, ಗಂಟೂ ಬೇಡ.

ಉಣ್ಣೆಗೆ ಈ ಹಿಡಿತ ಬಂದದ್ದು ಅದರ ಒರಟುತನದಿಂದ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಳೆಯ ಮೈತುಂಬ ಹಂಚು ಹೊದಿಸಿದ ಮಾಡಿನಂತೆ ಹುರುಪೆಗಳು ಕಾಣುತ್ತವೆ. ಬಿಸಿನೀರಿನಲ್ಲಿ ತಿಕ್ಕಿದ ಸ್ವೆಟರ್ ಕುಗ್ಗಿ ದಪ್ಪವಾಗುವುದೂ ಇವು ಒಂದನ್ನೊಂದು ಕಚ್ಚಿಕೊಳ್ಳುವುದರಿಂದಲೇ. ನುಣುಪಾದ ಪಾಲಿಯೆಸ್ಟರ್ ಎಳೆಗೆ ಈ ಹುರುಪೆಗಳಿಲ್ಲ.

ಮನುಷ್ಯರ ವಿಷಯದಲ್ಲಿ ಮಾತ್ರ, ಮನೆಯಲ್ಲಾಗಲಿ ನೆರೆಕರೆಯಲ್ಲಾಗಲಿ, ನಾವು ನುಣುಪಾದವರನ್ನೇ ಮೆಚ್ಚುತ್ತೇವೆ. ಎದುರಾಡದವರು, ತಪ್ಪು ತೋರಿಸದವರು ನಮಗೆ ಹಿತ. ಮುಂಗೋಪದ ಅಣ್ಣ, ನೇರ ಮಾತಿನ ಚಿಕ್ಕಮ್ಮ ಸ್ವಲ್ಪ ತರಚುತ್ತಾರೆ. ಆದರೆ ಆಸ್ಪತ್ರೆಯ ಬಾಗಿಲಲ್ಲಿ ರಾತ್ರಿಯಿಡೀ ಕೂತವರು ಯಾರೆಂದು ನೆನಪಿಸಿಕೊಳ್ಳಿ. ಅನೇಕರ ಬಾಳಿನಲ್ಲಿ ಅವರೇ.

ಹಾಗೆಂದು ಚುಚ್ಚು ಮಾತಿಗೆಲ್ಲ ಇದು ಪರವಾನಗಿಯಲ್ಲ. ಆ ಸೂಜಿಯನ್ನು ಓರೆಯಾಗಿ ಒತ್ತಿದರೆ ಮುರಿಯುತ್ತದೆ, ಹದ ಮೀರಿದರೆ ಬಟ್ಟೆ ಹಾಳು. ಎಲ್ಲಕ್ಕಿಂತ ಮುಖ್ಯ, ಮೊದಲು ಉಣ್ಣೆ ಇಡಬೇಕು. ಉಣ್ಣೆಯಿಟ್ಟು ಚುಚ್ಚಿದರೆ ದುರಸ್ತಿ, ಬರಿಯ ಸೂಜಿಯಲ್ಲಿ ಚುಚ್ಚಿದರೆ ತೂತು. ಮಗನಿಗೆ, ಸೊಸೆಗೆ, ಜೊತೆಗೆ ದುಡಿಯುವವರಿಗೆ ಇವತ್ತು ಒಂದು ಕಹಿ ಮಾತು ಹೇಳಲೇಬೇಕಾಗಿ ಬಂದರೆ, ಹೇಳುವ ಮುಂಚೆ ಅವರಿಗಾಗಿ ನಾವು ಏನನ್ನು ಇಟ್ಟಿದ್ದೇವೆ ಎಂದು ನೋಡಿಕೊಳ್ಳೋಣ. ಏನೂ ಇಟ್ಟಿಲ್ಲವಾದರೆ ಆ ಮಾತು ನಾಳೆಗಿರಲಿ.