ಚಿಕ್ಕ ದೇಶವನ್ನು ಓದುವ ಬಗೆ: ಗ್ಯಾಂಬಿಯಾದ ನದಿ, ಜನ, ಸರ್ಕಾರ



ಸಣ್ಣ ರಾಷ್ಟ್ರಗಳ ಭೂಗೋಳ ಮತ್ತು ಆಡಳಿತವನ್ನು ಕುರಿತ ಈ ಸಂಕಿರಣಕ್ಕೆ ಆಶಯ ಭಾಷಣ ಮಾಡಬೇಕೆಂದು ಸಂಘಟಕರು ಕೇಳಿದಾಗ, ಹತ್ತು ದೇಶಗಳ ಮೇಲೆ ಕಣ್ಣಾಡಿಸುವ ಬದಲು ಒಂದೇ ದೇಶದ ಮುಂದೆ ನಿಲ್ಲುತ್ತೇನೆ ಎಂದೆ. ಆ ದೇಶ ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ. ಮಂಗಳೂರಿನವರಿಗೆ ಈ ಭಾಗ ಪೂರ್ತಿ ಅಪರಿಚಿತವೇನಲ್ಲ. ಇಲ್ಲಿನ ಗೇರುಬೀಜ ಕಾರ್ಖಾನೆಗಳು ಒಡೆಯುವ ಕಚ್ಚಾ ಬೀಜದಲ್ಲಿ ದೊಡ್ಡ ಪಾಲು ಆಫ್ರಿಕಾದಿಂದ ಹಡಗಿನಲ್ಲಿ ಬರುತ್ತದೆ. ಗೇರು ಬೆಳೆದು ಭಾರತಕ್ಕೆ ಕಳಿಸುವ ದೇಶಗಳ ಪಟ್ಟಿಯಲ್ಲಿ ಗ್ಯಾಂಬಿಯಾವೂ ಇದೆ. ಬೀಜ ನಮ್ಮ ಬಂದರಿಗೆ ಬಂದಿದೆ, ಬೆಳೆದವರ ಕಥೆ ಮಾತ್ರ ನಮ್ಮ ತರಗತಿಗಳಿಗೆ ಬಂದಿಲ್ಲ.

ಚಿಕ್ಕ ದೇಶದ ಮಾತು ಬಂದಾಗಲೆಲ್ಲ ನಾವು ಕೇಳುವ ಪ್ರಶ್ನೆ ಒಂದೇ: ಇಷ್ಟು ಚಿಕ್ಕದು ಬದುಕಿ ಉಳಿಯುವುದು ಹೇಗೆ? ಚಿಕ್ಕತನವೆಂದರೆ ಕೊರತೆ ಎಂದು ಮೊದಲೇ ತೀರ್ಮಾನಿಸಿದವರು ಕೇಳುವ ಪ್ರಶ್ನೆ ಇದು. ಇದನ್ನು ಬಿಟ್ಟು ಬೇರೆಯದನ್ನು ಕೇಳೋಣ ಎಂಬುದು ನನ್ನ ಕೋರಿಕೆ. ಚಿಕ್ಕತನ ಅಲ್ಲಿನ ಜನರಿಗೂ ಸರ್ಕಾರಕ್ಕೂ ಏನು ಮಾಡುತ್ತದೆ? ನನಗೆ ಕಂಡಷ್ಟರಲ್ಲಿ, ಅದು ಆಳುವವರನ್ನೂ ಆಳಿಸಿಕೊಳ್ಳುವವರನ್ನೂ ತೀರ ಹತ್ತಿರಕ್ಕೆ ತಂದು ನಿಲ್ಲಿಸುತ್ತದೆ. ಆ ಹತ್ತಿರದಲ್ಲಿ ಕ್ರೌರ್ಯವೂ ಬೆಳೆಯಬಹುದು, ಉತ್ತರದಾಯಿತ್ವವೂ ಬೆಳೆಯಬಹುದು. ಗ್ಯಾಂಬಿಯಾ ಎರಡನ್ನೂ ಕಂಡಿದೆ.

ನೆಲದಿಂದ ಆರಂಭಿಸುತ್ತೇನೆ. ಗ್ಯಾಂಬಿಯಾದ ವಿಸ್ತೀರ್ಣ ಸುಮಾರು 11,300 ಚದರ ಕಿಲೋಮೀಟರ್, ಅಂದರೆ ಉತ್ತರ ಕನ್ನಡ ಜಿಲ್ಲೆಗಿಂತ ತುಸು ಹೆಚ್ಚು. ಆಫ್ರಿಕಾದ ಮುಖ್ಯ ಭೂಭಾಗದಲ್ಲಿ ಇದಕ್ಕಿಂತ ಚಿಕ್ಕ ದೇಶವಿಲ್ಲ. 2024ರ ಜನಗಣತಿಯ ಪ್ರಕಾರ ಜನಸಂಖ್ಯೆ 24 ಲಕ್ಷದ ಆಸುಪಾಸು. ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರ, ಉಳಿದ ಮೂರು ದಿಕ್ಕಿಗೂ ಸೆನೆಗಲ್. ಗಿನಿಯ ಫೂಟಾ ಜಲೋನ್ ಎತ್ತರದ ನಾಡಿನಲ್ಲಿ ಹುಟ್ಟುವ ಗ್ಯಾಂಬಿಯಾ ನದಿ ಸುಮಾರು 1,100 ಕಿಲೋಮೀಟರ್ ಹರಿದು ಸಮುದ್ರ ಸೇರುತ್ತದೆ. ಅದರ ಕೊನೆಯ ಹರಿವಿನ ಎರಡು ದಡಗಳೇ ಈ ದೇಶ. ಅಗಲ ಎಲ್ಲಿಯೂ 50 ಕಿಲೋಮೀಟರ್ ದಾಟುವುದಿಲ್ಲ.

ಈ ವಿಚಿತ್ರ ಆಕಾರ ಬಂದದ್ದು 1889ರ ಆಂಗ್ಲೋ-ಫ್ರೆಂಚ್ ಒಪ್ಪಂದದಿಂದ. ಬ್ರಿಟಿಷರ ಕೈಯಲ್ಲಿ ನದಿಯ ಬಾಯಿ ಇತ್ತು, ಸುತ್ತಲಿನ ನೆಲ ಫ್ರೆಂಚರ ಕೈ ಸೇರುತ್ತಿತ್ತು. ಹೆಚ್ಚಿನ ಭಾಗದಲ್ಲಿ ನದಿಯ ಎರಡೂ ದಡಗಳಿಂದ ಹತ್ತು ಕಿಲೋಮೀಟರ್ ಒಳಗೆ ಗೆರೆ ಎಳೆದರು. ತೋಪಿನ ಗುಂಡು ಬಿದ್ದಷ್ಟು ದೂರಕ್ಕೆ ಗಡಿ ಹಾಕಿದರು ಎಂಬ ಕಥೆ ಇಂದಿಗೂ ಜನರ ಬಾಯಲ್ಲಿದೆ. ಅದು ಕಥೆಯೇ ಹೊರತು ಇತಿಹಾಸವಲ್ಲ. ಒಪ್ಪಂದಕ್ಕೆ ಮೊದಲು ದಶಕಗಳ ಕಾಲ ಎರಡು ಸಾಮ್ರಾಜ್ಯಗಳೂ ಗ್ಯಾಂಬಿಯಾವನ್ನು ಬೇರೆ ಯಾವುದಾದರೂ ವಸಾಹತಿಗೆ ಅದಲುಬದಲು ಮಾಡಿಕೊಳ್ಳುವ ಮಾತುಕತೆ ನಡೆಸಿದ್ದವು. ಯಾರೂ ಶಾಶ್ವತವೆಂದು ನಂಬದ ಗೆರೆಯೊಂದು ಇವತ್ತು ಸಾರ್ವಭೌಮ ದೇಶದ ಗಡಿಯಾಗಿದೆ.

ಆ ಗೆರೆ ಎಷ್ಟು ಹೊಸದು ಎಂಬುದನ್ನು ಅಲ್ಲಿನ ಕಲ್ಲುಗಳೇ ಹೇಳುತ್ತವೆ. ನದಿಯ ಉದ್ದಕ್ಕೆ ಸುಮಾರು 350 ಕಿಲೋಮೀಟರ್ ವ್ಯಾಪಿಸಿರುವ ಪ್ರದೇಶದಲ್ಲಿ, ಜಂಬಿಟ್ಟಿಗೆಯನ್ನು ಕಡೆದು ನಿಲ್ಲಿಸಿದ ಶಿಲಾವೃತ್ತಗಳೂ ಸಮಾಧಿ ದಿಬ್ಬಗಳೂ ಸೇರಿ ಸಾವಿರಕ್ಕೂ ಹೆಚ್ಚು ಸ್ಮಾರಕಗಳಿವೆ. 2006ರಲ್ಲಿ ಯುನೆಸ್ಕೊ ಇವುಗಳ ನಾಲ್ಕು ಗುಂಪುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ವಾಸು ಮತ್ತು ಕೆರ್ಬಾಚ್ ಗ್ಯಾಂಬಿಯಾದಲ್ಲಿವೆ, ಉಳಿದೆರಡು ಸೆನೆಗಲ್‌ನಲ್ಲಿ. ಒಂದೇ ಪರಂಪರೆ ಇಂದು ಎರಡು ಪಾಸ್‌ಪೋರ್ಟುಗಳ ನಡುವೆ ಹಂಚಿಹೋಗಿದೆ.

ಭೂಗೋಳದ ವಿದ್ಯಾರ್ಥಿಗಳು ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ನದಿಯ ಪಾತ್ರ ಎಷ್ಟು ಸಮತಟ್ಟೆಂದರೆ ಬೇಸಿಗೆಯಲ್ಲಿ ಸಮುದ್ರದ ಉಪ್ಪುನೀರು 200 ಕಿಲೋಮೀಟರಿಗೂ ಹೆಚ್ಚು ದೂರ ಒಳನಾಡಿಗೆ ನುಗ್ಗುತ್ತದೆ, ಮಳೆಗಾಲದಲ್ಲಿ ಹಿಂದೆ ಸರಿಯುತ್ತದೆ. ಭತ್ತ ಎಲ್ಲಿ ಬೆಳೆಯುತ್ತದೆ, ಎಲ್ಲಿ ಬೆಳೆಯುವುದಿಲ್ಲ ಎಂಬುದನ್ನು ತೀರ್ಮಾನಿಸುವುದು ಈ ಉಪ್ಪಿನ ಗೆರೆ. ಮಳೆ ಕಡಿಮೆಯಾದರೆ, ಸಮುದ್ರಮಟ್ಟ ಏರಿದರೆ ಅದು ಮೇಲಕ್ಕೆ ಸರಿಯುತ್ತದೆ. ನದಿಯ ಸಿಹಿನೀರು ಬರುವುದೋ ಗಿನಿ ಮತ್ತು ಸೆನೆಗಲ್‌ಗಳಿಂದ. ಮೇಲ್ದಂಡೆಯ ಅಣೆಕಟ್ಟುಗಳ ಬಗ್ಗೆ ಮಾತಾಡಬೇಕಾದರೆ ಈ ದೇಶಗಳೂ ಗಿನಿ-ಬಿಸಾವೂ ಕೂಡಿ ಕಟ್ಟಿಕೊಂಡ ನದಿ ಸಂಸ್ಥೆಯಲ್ಲಿ ಕೂತು ಮಾತಾಡಬೇಕು. ಕಾವೇರಿ, ಮಹದಾಯಿಗಳ ನಾಡಿನವರಾದ ನಮಗೆ ಕೆಳದಂಡೆಯವರ ಆತಂಕವೇನು ಎಂದು ವಿವರಿಸಬೇಕಾಗಿಲ್ಲ.

ನೆಲದ ಆಕಾರ ನೆರೆಯವರ ಮುನಿಸಿಗೂ ಕಾರಣವಾಗುತ್ತದೆ. ಸೆನೆಗಲ್‌ನ ದಕ್ಷಿಣದ ಕಾಸಮಾನ್ಸ್ ಪ್ರಾಂತ್ಯಕ್ಕೆ ರಾಜಧಾನಿ ಡಕಾರ್‌ನಿಂದ ನೇರ ದಾರಿ ಗ್ಯಾಂಬಿಯಾದ ಮೂಲಕವೇ ಹೋಗುತ್ತದೆ. ಆ ದಾರಿ ನದಿ ದಾಟುವ ಫರಾಫೆನ್ನಿಯ ಬಳಿ ಫೆರಿಗಾಗಿ ಲಾರಿಗಳು ದಿನಗಟ್ಟಲೆ ಸಾಲುಗಟ್ಟಿ ನಿಲ್ಲುತ್ತಿದ್ದವು. 2016ರಲ್ಲಿ ಗ್ಯಾಂಬಿಯಾ ಸರ್ಕಾರ ಹೊರದೇಶದ ಲಾರಿಗಳ ಶುಲ್ಕವನ್ನು ಏಕಾಏಕಿ ವಿಪರೀತ ಏರಿಸಿತು. ಸೆನೆಗಲ್‌ನ ಸಾರಿಗೆಯವರು ಗಡಿಯಲ್ಲಿ ಸಂಚಾರ ತಡೆದರು, ವಾಣಿಜ್ಯ ತಿಂಗಳುಗಟ್ಟಲೆ ನಿಂತುಹೋಯಿತು. 2019ರ ಜನವರಿಯಲ್ಲಿ ಅಲ್ಲೇ ಸೆನೆಗ್ಯಾಂಬಿಯಾ ಸೇತುವೆ ತೆರೆದುಕೊಂಡಿತು. ಎಷ್ಟೋ ವರ್ಷ ಮಾತುಕತೆಯಲ್ಲೇ ಉಳಿದಿದ್ದ ಸೇತುವೆ ಅದು. ಅದನ್ನು ಕಾಂಕ್ರೀಟಿನ ಕಾಮಗಾರಿಯೆಂದಷ್ಟೇ ನೋಡದೆ ಎರಡು ದೇಶಗಳ ರಾಜಕೀಯ ದಾಖಲೆಯೆಂದೂ ಓದಬೇಕು.

ಈಗ ಜನ. ಮಾಂಡಿಂಕಾ, ಫುಲಾ, ವೊಲೊಫ್, ಜೋಲಾ, ಸೆರಹುಲೆ, ಸೆರೆರ್, ಮಂಜಾಗೊ, ಅಕು: ಇಷ್ಟು ಸಮುದಾಯಗಳು ಈ ಕಿರಿದಾದ ನಾಡಿನಲ್ಲಿ ಒಟ್ಟಿಗಿವೆ. ಮಾಂಡಿಂಕಾ ಜನ ಮೂರನೇ ಒಂದು ಭಾಗದಷ್ಟು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಮುಸ್ಲಿಮರು. ಈ ಎಲ್ಲ ಸಮುದಾಯಗಳಿಗೂ ಗಡಿಯಾಚೆ ನೆಂಟರಿದ್ದಾರೆ. ಒಂದೇ ಮನೆತನದ ಒಂದು ಕವಲು ಇಂಗ್ಲಿಷ್ ಶಾಲೆಯಲ್ಲಿ, ಇನ್ನೊಂದು ಫ್ರೆಂಚ್ ಶಾಲೆಯಲ್ಲಿ ಕಲಿಯುವುದು ಅಲ್ಲಿ ಸಾಮಾನ್ಯ. ಕೆಲವು ಕುಲನಾಮಗಳ ನಡುವೆ, ಕೆಲವು ಜನಾಂಗಗಳ ನಡುವೆ ಪರಸ್ಪರ ಲೇವಡಿ ಮಾಡುವ ಹಕ್ಕಿನ ಸಂಬಂಧವಿದೆ. ಆ ಲೇವಡಿಗೆ ಯಾರೂ ಸಿಟ್ಟಾಗುವಂತಿಲ್ಲ. ಜಗಳ ಬಂದಾಗ ಅದೇ ನಂಟು ರಾಜಿಗೆ ಬರುತ್ತದೆ. ಇಪ್ಪತ್ತೊಂದು ತಂತಿಯ ಕೋರಾ ನುಡಿಸುತ್ತ ವಂಶಾವಳಿ ಹಾಡುವ ಜಾಲಿಗಳು ಈ ನಂಟುಗಳ ಲೆಕ್ಕವನ್ನು ನೆನಪಿನಲ್ಲಿ ಇಟ್ಟವರು. ಹಳ್ಳಿಯ ಮುಖ್ಯಸ್ಥ ಅಲ್ಕಾಲೊ, ಜಿಲ್ಲೆಯ ಮುಖ್ಯಸ್ಥ ಸೇಫೊ. ಲಿಖಿತ ಸಂವಿಧಾನದ ಕೆಳಗೆ ಈ ಅಧಿಕಾರವೂ ಇಂದಿಗೂ ಕೆಲಸ ಮಾಡುತ್ತಿದೆ.

ಆದರೆ ಈ ಸಮಾಜವನ್ನು ಬರೀ ಸಾಮರಸ್ಯದ ಚಿತ್ರವಾಗಿ ನೋಡಿದರೆ ಎಡವುತ್ತೇವೆ. ಮಾಂಡಿಂಕಾ ಕುಟುಂಬಗಳಲ್ಲಿ ನೆಲಗಡಲೆ ಗಂಡಸರ ಬೆಳೆ, ಜೌಗಿನ ಭತ್ತ ಹೆಂಗಸರ ಬೆಳೆ. ಮನೆಗೆಲ್ಲ ಸೇರಿದ ಹೊಲಕ್ಕೆ ಮರುವೊ ಎಂದೂ, ಒಬ್ಬರ ಸ್ವಂತ ಹೊಲಕ್ಕೆ ಕಮನ್ಯಾಂಗೊ ಎಂದೂ ಹೆಸರು. ಸ್ವಂತ ಹೊಲದ ಫಸಲನ್ನು ಮಾರುವ ಹಕ್ಕು ಬೆಳೆದವರದೇ. 1980ರ ದಶಕದಲ್ಲಿ ಜಹಾಲಿ ಪಚಾರ್ ಎಂಬಲ್ಲಿ ಸುಮಾರು 1,500 ಹೆಕ್ಟೇರಿಗೆ ನೀರಾವರಿ ಬಂತು. ಹೆಂಗಸರು ತಲೆಮಾರುಗಳಿಂದ ಉಳುತ್ತಿದ್ದ ಜೌಗು ನೆಲ ಅದು. ಕಾಗದದಲ್ಲಿ ಅವರ ಹೆಸರಿಗೇ ಹಂಚಿಕೆಯಾಯಿತು. ಎರಡು ಬೆಳೆಯ ಲಾಭ ಕಂಡಾಗ ಮನೆಯ ಯಜಮಾನರು ಅದನ್ನು ಮನೆಯ ಹೊಲವೆಂದು ಸಾರಿದರು. ದುಡಿಮೆ ಹೆಂಗಸರ ಪಾಲಿಗೆ ಉಳಿಯಿತು, ಫಸಲಿನ ಮೇಲಿನ ಹಕ್ಕು ಕೈತಪ್ಪಿತು. ಅವರು ಸುಮ್ಮನಿರಲಿಲ್ಲ, ಕೂಲಿ ಕೇಳಿದರು, ಕೆಲವರು ಗದ್ದೆಗಿಳಿಯಲು ನಿರಾಕರಿಸಿದರು. ಭೂಗೋಳಶಾಸ್ತ್ರಜ್ಞೆ ಜೂಡಿತ್ ಕಾರ್ನಿ ಇದನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ಅಭಿವೃದ್ಧಿ ಯೋಜನೆಯ ವರದಿ ಬರೆಯುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಓದಬೇಕಾದ ಪ್ರಕರಣ ಇದು.

ಮೂರನೆಯದು ಸರ್ಕಾರ. ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಇಲ್ಲೇ. 1965ರ ಫೆಬ್ರವರಿ 18ರಂದು ಗ್ಯಾಂಬಿಯಾ ಸ್ವತಂತ್ರವಾಯಿತು, 1970ರಲ್ಲಿ ಗಣರಾಜ್ಯವಾಯಿತು. ಮೊದಲ ನಾಯಕ ದಾವ್ದಾ ಜವಾರಾ ಪಶುವೈದ್ಯರು. ಆಫ್ರಿಕಾದ ಇತರ ದೇಶಗಳ ಏಕಪಕ್ಷದ ಆಡಳಿತ, ಸೇನಾ ಆಡಳಿತಗಳ ನಡುವೆ ಅವರ ದೇಶ ಬಹುಪಕ್ಷ ಚುನಾವಣೆಗಳನ್ನು ಉಳಿಸಿಕೊಂಡಿತು. ಆಫ್ರಿಕಾದ ಮಾನವ ಹಕ್ಕುಗಳ ಸನ್ನದಿಗೆ ಬಂಜುಲ್ ಸನ್ನದು ಎಂಬ ಹೆಸರು ಬಂದದ್ದು ಅದರ ಕರಡು ಗ್ಯಾಂಬಿಯಾದ ರಾಜಧಾನಿಯಲ್ಲಿ ರೂಪುಗೊಂಡದ್ದರಿಂದ. ಆದರೆ 1981ರಲ್ಲಿ ಜವಾರಾ ಲಂಡನ್ನಿನಲ್ಲಿದ್ದಾಗ ದಂಗೆ ಎದ್ದಿತು, ಅದನ್ನು ಅಡಗಿಸಿದ್ದು ಸೆನೆಗಲ್‌ನ ಸೈನ್ಯ. ಮರುವರ್ಷ ಎರಡು ದೇಶಗಳ ಒಕ್ಕೂಟ ಹುಟ್ಟಿತು, 1989ರಲ್ಲಿ ಮುರಿಯಿತು. ಕಾಪಾಡಲು ಬಂದ ನೆರೆಯವನು ಎಲ್ಲಿಯವರೆಗೆ ಮನೆಯಲ್ಲಿರಬೇಕು ಎಂಬುದು ಸಣ್ಣ ದೇಶಗಳ ನಿತ್ಯದ ಪ್ರಶ್ನೆ.

1994ರ ಜುಲೈನಲ್ಲಿ ಇಪ್ಪತ್ತೊಂಬತ್ತರ ಹರೆಯದ ಲೆಫ್ಟಿನೆಂಟ್ ಯಾಹ್ಯಾ ಜಮ್ಮೆ ಅಧಿಕಾರ ಹಿಡಿದರು. ಮುಂದಿನ 22 ವರ್ಷಗಳಲ್ಲಿ ಆಡಳಿತ ಒಬ್ಬ ಮನುಷ್ಯನ ಮರ್ಜಿಯಾಯಿತು. 2000ದ ಏಪ್ರಿಲ್‌ನಲ್ಲಿ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿತು. 2004ರಲ್ಲಿ ಪತ್ರಕರ್ತ ದೇದಾ ಹೈದರಾ ಕೊಲೆಯಾದರು. 2007ರಲ್ಲಿ ಅಧ್ಯಕ್ಷರೇ ಏಡ್ಸ್‌ಗೆ ಔಷಧ ಕಂಡುಹಿಡಿದೆ ಎಂದು ಸಾರಿ ರೋಗಿಗಳ ನಿಜವಾದ ಮಾತ್ರೆ ಬಿಡಿಸಿದರು. 2009ರಲ್ಲಿ ಮಾಟಗಾತಿಯರ ಬೇಟೆಯ ನೆಪದಲ್ಲಿ ಹಳ್ಳಿಗಳ ಮುದುಕ ಮುದುಕಿಯರನ್ನು ಹಿಡಿದೊಯ್ದು ಕಷಾಯ ಕುಡಿಸಿದರು. ಚಿಕ್ಕ ದೇಶದಲ್ಲಿ ಅಧ್ಯಕ್ಷನ ಕೈ ಅಡುಗೆಮನೆಯವರೆಗೆ ಚಾಚುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಅದೇ ಸಾಮೀಪ್ಯ ಜಮ್ಮೆಯವರನ್ನು ಕೆಳಗಿಳಿಸಿದ್ದೂ ಹೌದು. ಅಕ್ಷರ ಬಾರದವರೂ ಮತ ಹಾಕಲೆಂದು 1960ರ ದಶಕದಿಂದ ಅಲ್ಲಿ ಗೋಲಿಯ ಮತದಾನವಿದೆ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಬಣ್ಣದ ಲೋಹದ ಡ್ರಮ್ಮು. ಮತದಾರ ತನಗೆ ಕೊಟ್ಟ ಒಂದು ಗೋಲಿಯನ್ನು ಬೇಕಾದ ಡ್ರಮ್ಮಿನೊಳಗೆ ಬಿಡುತ್ತಾನೆ, ಒಳಗೊಂದು ಗಂಟೆ ಬಡಿಯುತ್ತದೆ. ಎರಡು ಸಲ ಬಡಿದರೆ ಹೊರಗೆ ಕೂತವರಿಗೆ ಮೋಸ ಗೊತ್ತಾಗುತ್ತದೆ. 2016ರ ಡಿಸೆಂಬರ್ 1ರ ಚುನಾವಣೆಯಲ್ಲಿ ಎಣಿಕೆಯೂ ಮತಗಟ್ಟೆಯಲ್ಲೇ, ಎಲ್ಲ ಪಕ್ಷದವರ ಎದುರಿನಲ್ಲೇ ನಡೆಯಿತು. ಒಟ್ಟು ಲೆಕ್ಕ ರಾಜಧಾನಿ ತಲುಪುವ ಮೊದಲೇ ಊರೂರಿನ ಲೆಕ್ಕ ಊರಿನವರಿಗೆ ಗೊತ್ತಿತ್ತು. ವಿರೋಧ ಪಕ್ಷಗಳ ಒಕ್ಕೂಟದ ಆಡಮಾ ಬ್ಯಾರೊ ಶೇ. 43ರಷ್ಟು ಮತ ಪಡೆದು ಗೆದ್ದರು.

ಜಮ್ಮೆ ಮೊದಲು ಸೋಲೊಪ್ಪಿದರು, ವಾರದ ನಂತರ ಮಾತು ತಿರುಗಿಸಿದರು. ಫಲಿತಾಂಶ ಪ್ರಶ್ನಿಸಿ ಅವರ ಪಕ್ಷ ಸುಪ್ರೀಂ ಕೋರ್ಟಿಗೆ ಹೋದಾಗ ಅಲ್ಲಿ ಕೇಳಲು ಸಾಕಷ್ಟು ನ್ಯಾಯಮೂರ್ತಿಗಳೇ ಇರಲಿಲ್ಲ. 2015ರಿಂದ ಕೋರ್ಟು ಕಲಾಪ ನಡೆಸಿರಲಿಲ್ಲ, ನೈಜೀರಿಯಾ ಮತ್ತು ಸಿಯೆರಾ ಲಿಯೋನ್‌ಗಳಿಂದ ನ್ಯಾಯಮೂರ್ತಿಗಳು ಬರಬೇಕಿತ್ತು. ತಾವೇ ಬರಿದು ಮಾಡಿದ ಸಂಸ್ಥೆ ತಮಗೆ ಬೇಕಾದಾಗ ಒದಗಲಿಲ್ಲ. 2017ರ ಜನವರಿ 19ರಂದು ಬ್ಯಾರೊ ಡಕಾರ್‌ನ ಗ್ಯಾಂಬಿಯಾ ರಾಯಭಾರ ಕಚೇರಿಯಲ್ಲಿ ಪ್ರಮಾಣ ವಚನ ಸ್ವೀಕರಿಸಿದರು. ಪಶ್ಚಿಮ ಆಫ್ರಿಕಾ ರಾಷ್ಟ್ರಗಳ ಒಕ್ಕೂಟದ ಸೈನ್ಯ ಗಡಿ ದಾಟಿತು. ಎರಡು ದಿನದ ನಂತರ ಜಮ್ಮೆ ವಿಮಾನ ಹತ್ತಿ ಈಕ್ವಟೋರಿಯಲ್ ಗಿನಿ ಸೇರಿದರು.

ಆಮೇಲೆ ಬಂದದ್ದು ಸತ್ಯ ಶೋಧನೆಯ ಆಯೋಗ. 2019ರಿಂದ 2021ರವರೆಗೆ ಸುಮಾರು 390 ಸಾಕ್ಷಿಗಳು ಬಹಿರಂಗವಾಗಿ ನುಡಿದರು. ರೇಡಿಯೊ, ಟಿವಿ, ಮೊಬೈಲುಗಳಲ್ಲಿ ಇಡೀ ದೇಶ ಕೇಳಿತು. 240ಕ್ಕೂ ಹೆಚ್ಚು ಸಾವುಗಳಿಗೆ ಆ ಆಡಳಿತವೇ ಹೊಣೆ ಎಂದು ಆಯೋಗ ವರದಿ ಮಾಡಿತು. ತಾವು ಕೊಂದೆವೆಂದು ಒಪ್ಪಿಕೊಂಡ ಕೆಲವು ಸೈನಿಕರು ಬಿಡುಗಡೆಯಾಗಿ ಹೊರಬಂದರು. ಇಷ್ಟು ಚಿಕ್ಕ ದೇಶದಲ್ಲಿ ಕೊಂದವನೂ ಸತ್ತವನ ಮನೆಯವರೂ ಒಂದೇ ಸಂತೆಗೆ, ಒಂದೇ ಮಸೀದಿಗೆ ಹೋಗಬೇಕಾಗುತ್ತದೆ. ಜರ್ಮನಿ, ಸ್ವಿಟ್ಜರ್ಲೆಂಡ್, ಅಮೆರಿಕದ ನ್ಯಾಯಾಲಯಗಳು ಕೆಲವರನ್ನು ಶಿಕ್ಷಿಸಿವೆ. 2024ರ ಡಿಸೆಂಬರ್‌ನಲ್ಲಿ, ಜಮ್ಮೆ ಕಾಲದ ಅಪರಾಧಗಳನ್ನು ವಿಚಾರಿಸುವ ವಿಶೇಷ ನ್ಯಾಯಮಂಡಳಿಗೆ ಪಶ್ಚಿಮ ಆಫ್ರಿಕಾದ ಒಕ್ಕೂಟ ಒಪ್ಪಿಗೆ ಕೊಟ್ಟಿತು. ಆದರೆ ಜಮ್ಮೆ ಕಾಲದ 1997ರ ಸಂವಿಧಾನವೇ ಮುಂದುವರಿದಿದೆ. ಅಧ್ಯಕ್ಷರ ಅವಧಿಗೆ ಮಿತಿ ಹಾಕುತ್ತಿದ್ದ ಹೊಸ ಕರಡನ್ನು 2020ರಲ್ಲಿ ಸಂಸತ್ತು ತಡೆಯಿತು. ವ್ಯಕ್ತಿ ಹೋದ, ಅವನಿಗೆ ದಾರಿ ಮಾಡಿಕೊಟ್ಟ ನಿಯಮಗಳು ಉಳಿದವು.

ಭಾರತದ ಪಾಲಿನದನ್ನೂ ಹೇಳಿಬಿಡಬೇಕು. ಬಂಜುಲ್‌ನ ಸಂಸತ್ ಭವನ ಕಟ್ಟಿದ್ದು ಭಾರತದ ಸಾಲದ ನೆರವಿನಿಂದ. 2022ರಲ್ಲಿ ಅದೇ ದೇಶದಲ್ಲಿ ಸುಮಾರು 70 ಮಕ್ಕಳು ಮೂತ್ರಪಿಂಡ ವಿಫಲವಾಗಿ ಸತ್ತರು. ಭಾರತದಲ್ಲಿ ತಯಾರಾದ ಕೆಮ್ಮಿನ ಸಿರಪ್ಪುಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಹೊರಡಿಸಿತು. ತಮ್ಮ ಪರೀಕ್ಷೆಯಲ್ಲಿ ದೋಷ ಕಾಣಲಿಲ್ಲ ಎಂದು ಇಲ್ಲಿನ ಅಧಿಕಾರಿಗಳು ಹೇಳಿದರು. ಔಷಧ ಪರೀಕ್ಷಿಸಲು ಗ್ಯಾಂಬಿಯಾಕ್ಕೆ ಆಗ ಸ್ವಂತ ಪ್ರಯೋಗಾಲಯವಿರಲಿಲ್ಲ. ಕೆಮ್ಮಿನ ಸಿರಪ್ಪು ರಫ್ತಿಗೆ ಮುನ್ನ ಪರೀಕ್ಷೆ ಕಡ್ಡಾಯವೆಂದು ಭಾರತ ಆಜ್ಞೆ ಮಾಡಿದ್ದು 2023ರಲ್ಲಿ. ಚಿಕ್ಕ ದೇಶದ ಸುರಕ್ಷತೆ ದೊಡ್ಡ ದೇಶದ ಪ್ರಾಮಾಣಿಕತೆಯನ್ನು ಎಷ್ಟು ನೆಚ್ಚಿಕೊಂಡಿರುತ್ತದೆ ಎಂಬುದನ್ನು ನಾವು ಮರೆಯುವಂತಿಲ್ಲ.

ಹಾಗೆಂದು ಗ್ಯಾಂಬಿಯಾ ಕೈಚಾಚಿ ಕೂತ ದೇಶವಲ್ಲ. 2019ರ ನವೆಂಬರ್‌ನಲ್ಲಿ ರೋಹಿಂಗ್ಯಾ ಜನರ ಪರವಾಗಿ ಮ್ಯಾನ್ಮಾರ್ ವಿರುದ್ಧ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದದ್ದು ಈ ದೇಶವೇ. ಹೆಣ್ಣುಮಕ್ಕಳ ಜನನಾಂಗ ಛೇದನದ ನಿಷೇಧವನ್ನು ತೆಗೆದುಹಾಕುವ ಮಸೂದೆಯನ್ನು 2024ರ ಜುಲೈನಲ್ಲಿ ಅದರ ಸಂಸತ್ತು ತಿರಸ್ಕರಿಸಿತು.

ಈ ಸಂಕಿರಣದ ಗೋಷ್ಠಿಗಳ ಮುಂದೆ ಮೂರು ಪ್ರಶ್ನೆಗಳನ್ನಿಡುತ್ತೇನೆ. ಭೂಗೋಳದ ಗೋಷ್ಠಿಗೆ: ಗಡಿಯನ್ನು ನಕ್ಷೆಯ ಗೆರೆಯಾಗಿ ಮಾತ್ರ ಓದದೆ ನೀರು, ಉಪ್ಪು, ಲಾರಿ, ನೆಂಟಸ್ತಿಕೆಗಳ ಚಲನೆಯಾಗಿ ಓದುವುದು ಹೇಗೆ? ಸಮಾಜದ ಗೋಷ್ಠಿಗೆ: ಒಗ್ಗಟ್ಟಿನ ಹೆಸರಿನಲ್ಲಿ ಯಾರ ಹಕ್ಕು ಮರೆಯಾಗುತ್ತಿದೆ ಎಂದು ಲೆಕ್ಕ ಇಟ್ಟವರು ಯಾರು? ಆಡಳಿತದ ಗೋಷ್ಠಿಗೆ: ಸಂಸ್ಥೆಗಳು ದುರ್ಬಲವಾಗಿದ್ದಲ್ಲಿ ಜನರ ಕಣ್ಗಾವಲು ಎಷ್ಟು ದೂರ ಅವುಗಳ ಕೆಲಸ ಮಾಡಬಲ್ಲದು, ಎಲ್ಲಿ ಸೋಲುತ್ತದೆ?

ಪ್ರಬಂಧ ಮಂಡಿಸುವವರಲ್ಲಿ ಒಂದು ವಿನಂತಿ. ನಿಮ್ಮ ದೇಶ ಭೂತಾನವಿರಲಿ, ಟೋಗೊ ಇರಲಿ, ಬೆನಿನ್ ಇರಲಿ, ತಲಾ ಆದಾಯದ ಅಂಕಿಯಿಂದ ಶುರುಮಾಡಬೇಡಿ. ಅಲ್ಲಿ ಮತ ಹೇಗೆ ಎಣಿಸುತ್ತಾರೆ, ಹೊಲ ಯಾರ ಹೆಸರಿನಲ್ಲಿದೆ, ನ್ಯಾಯಾಧೀಶ ಎಲ್ಲಿಂದ ಬರುತ್ತಾನೆ ಎಂಬುದರಿಂದ ಶುರುಮಾಡಿ. ದೇಶ ದೊಡ್ಡದಾದರೆ ಈ ಮೂರೂ ಅಂಕಿಅಂಶಗಳ ಅಡಿಯಲ್ಲಿ ಹೂತುಹೋಗುತ್ತವೆ. ಚಿಕ್ಕ ದೇಶದಲ್ಲಿ ಬರಿಗಣ್ಣಿಗೆ ಕಾಣುತ್ತವೆ. ಚಿಕ್ಕ ದೇಶಗಳ ಅಧ್ಯಯನದಿಂದ ದೊಡ್ಡ ದೇಶದವರಾದ ನಮಗೆ ಆಗಬೇಕಾದ ಲಾಭವೂ ಅದೇ: ಅಲ್ಲಿ ನೋಡಲು ಕಲಿತದ್ದನ್ನು ಇಲ್ಲಿ ಹುಡುಕುವುದು.

 ಗೋಷ್ಠಿಗಳು ಆರಂಭವಾಗಲಿ.