ಪಕ್ಕದಲ್ಲಿ ಕುಳಿತವರು

ನಮ್ಮ ಮಾರತ್ತಹಳ್ಳಿಯ ಸೇತುವೆಯ ಆಚೆ ಈಚೆ, ಅಂಗಡಿಸಾಲುಗಳ ಮೇಲಂತಸ್ತಿನಲ್ಲಿ, ಗಿಟಾರು, ಕೀಬೋರ್ಡು, ಡ್ರಮ್ಮು ಕಲಿಸುವ ಪಾಠಶಾಲೆಗಳು ಈಚೆಗೆ ಹೆಚ್ಚಾಗಿವೆ. ಸಂಜೆಯ ವಾಹನಗಳ ಗದ್ದಲದ ನಡುವೆ ಮಕ್ಕಳು ತಮಗಿಂತ ಉದ್ದನೆಯ ಚೀಲ ಹೊತ್ತು ಮೆಟ್ಟಲು ಹತ್ತುವುದನ್ನು ನೀವೂ ಕಂಡಿರಬಹುದು. ಹಾಗೆ ಹತ್ತುವ ನನ್ನ ವಿದ್ಯಾರ್ಥಿಯೊಬ್ಬ ಬೇಸ್ ಗಿಟಾರ್ ಅಭ್ಯಾಸ ಮಾಡುತ್ತಾನೆ. ವಿಭಕ್ತಿ ಪ್ರತ್ಯಯಗಳ ಪಾಠ ಮುಗಿದ ಒಂದು ದಿನ ಅವನು ಕೇಳಿದ ಪ್ರಶ್ನೆ ಇದು: "ಸಾರ್, ಹಾಡುವವನನ್ನು ಎಲ್ಲರೂ ನೋಡ್ತಾರೆ, ಡ್ರಮ್ ಬಾರಿಸುವವನನ್ನೂ ನೋಡ್ತಾರೆ. ನಾನು ನುಡಿಸಿದ್ದು ಕೇಳಿಸಲೇ ಇಲ್ಲ ಅಂತ ಮನೆಯಲ್ಲಿ ಹೇಳ್ತಾರೆ. ಈ ವಾದ್ಯ ಯಾಕಿರಬೇಕು?"

ಪ್ರಶ್ನೆ ಹುಡುಗನದಾದರೂ ಹಳೆಯದು. ಕರಿಹಲಗೆಯ ಮೇಲೆ ಆಗತಾನೆ ಬರೆದಿದ್ದ ವಾಕ್ಯದಿಂದ ಪ್ರತ್ಯಯಗಳನ್ನೆಲ್ಲ ಅಳಿಸಿ ತೋರಿಸಿದೆ. ಮರ, ಕೊಂಬೆ, ಹಕ್ಕಿ, ಗೂಡು ಎಂಬ ನಾಲ್ಕು ಪದಗಳು ಉಳಿದವು. ಯಾವುದು ಯಾವುದರಲ್ಲಿದೆ, ಯಾರು ಏನನ್ನು ಕಟ್ಟಿದರು ಎಂಬುದು ಹೊರಟುಹೋಯಿತು. ಪ್ರತ್ಯಯವನ್ನು ಯಾರೂ ಕಂಠಪಾಠ ಮಾಡಿ ಮೆಚ್ಚುವುದಿಲ್ಲ. ಆದರೂ ಅದಿಲ್ಲದೆ ಪದಕ್ಕೂ ಪದಕ್ಕೂ ನಂಟಿಲ್ಲ. ಮಂದ್ರದ ತಂತಿ ಮಾಡುವ ಕೆಲಸವೂ ಹೆಚ್ಚುಕಡಮೆ ಇದೇ.

ಈ ವಾದ್ಯದ ವಿಚಾರ ಎರಡು ಮಾತು. ಬೇಸ್ ಗಿಟಾರಿಗೆ ನಾಲ್ಕು ತಂತಿ. ಸಾಧಾರಣ ಗಿಟಾರಿನ ಕೆಳಗಿನ ನಾಲ್ಕು ತಂತಿಗಳಿಗಿಂತ ಒಂದು ಸ್ಥಾಯಿ ಕೆಳಗೆ ಅವುಗಳ ಶ್ರುತಿ. ಅಮೆರಿಕದ ಲಿಯೋ ಫೆಂಡರ್ ಎಂಬಾತ ೧೯೫೧ರಲ್ಲಿ ಇದನ್ನು ಮಾರುಕಟ್ಟೆಗೆ ತಂದ. ಅದಕ್ಕೆ ಮುಂಚೆ ಆಳೆತ್ತರದ, ನಿಂತು ನುಡಿಸುವ ಡಬಲ್ ಬೇಸ್ ಎಂಬ ಪಿಟೀಲಿನ ದೊಡ್ಡಣ್ಣನೇ ಗತಿ. ಬೇಸ್ ಗಿಟಾರಿನ ಅತ್ಯಂತ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು ೪೧ ಸಲ ಕಂಪಿಸುತ್ತದೆ. ನಮ್ಮ ಮನೆಗಳ ಸಣ್ಣ ರೇಡಿಯೋದ ಧ್ವನಿವರ್ಧಕಕ್ಕೆ ಅಷ್ಟು ನಿಧಾನವಾದ ಕಂಪನವನ್ನು ಹೊರಡಿಸುವ ಶಕ್ತಿಯೇ ಇಲ್ಲ. ಹಾಗಾದರೆ ನಮಗೆ ಕೇಳುವುದೇನು? ಆ ತಂತಿಯಿಂದ ೮೨, ೧೨೩, ೧೬೪ ಎಂಬ ಮೇಲಿನ ಅಂಶಸ್ವರಗಳೂ ಜೊತೆಗೆ ಹುಟ್ಟುತ್ತವೆ. ಅವುಗಳಲ್ಲಿ ಮೇಲಿನವು ಪೆಟ್ಟಿಗೆಯಿಂದ ಹೊರಬೀಳುತ್ತವೆ; ಅವುಗಳ ನಡುವಣ ಅಂತರವನ್ನು ಅಳೆದು, ಇಲ್ಲದ ಮೂಲಸ್ವರವನ್ನು ನಮ್ಮ ಕಿವಿ ಮತ್ತು ಮಿದುಳು ತಾವೇ ತುಂಬಿಕೊಳ್ಳುತ್ತವೆ. ಪೆಟ್ಟಿಗೆ ನುಡಿಯದ ಸ್ವರವನ್ನು ನಾವು ಕೇಳುತ್ತೇವೆ. ಹುಡುಗನ ಮನೆಯವರು "ಕೇಳಿಸಲಿಲ್ಲ" ಎಂದದ್ದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಧ್ವನಿಮುದ್ರಣಾಲಯಗಳಲ್ಲಿ ದಿನಗೂಲಿಗೆ ಈ ವಾದ್ಯವನ್ನು ನುಡಿಸಿ ಬಾಳಿದವರ ಕಥೆ ಸ್ವಾರಸ್ಯವಾಗಿದೆ. ಡೆಟ್ರಾಯಿಟ್ ನಗರದ ಮೋಟೌನ್ ಸಂಸ್ಥೆಯಲ್ಲಿ ಜೇಮ್ಸ್ ಜೇಮರ್‌ಸನ್ ಎಂಬ ಕಪ್ಪು ಜನಾಂಗದ ಕಲಾವಿದ ಬಲಗೈಯ ತೋರುಬೆರಳೊಂದರಿಂದಲೇ ತಂತಿ ಮೀಟಿ, ೧೯೬೦ರ ದಶಕದಲ್ಲಿ ಜಗತ್ತೆಲ್ಲ ಗುನುಗಿದ ಹಾಡುಗಳಿಗೆ ತಳಪಾಯ ಹಾಕಿದ. ಆ ತಟ್ಟೆಗಳ ಮೇಲೆ ಅವನ ಹೆಸರಿರಲಿಲ್ಲ; ೧೯೭೧ರಲ್ಲಿ ಮಾರ್ವಿನ್ ಗೇ ಅವರ ಸಂಪುಟವೊಂದು ಬಂದಾಗಲೇ ಹೊದಿಕೆಯ ಮೇಲೆ ವಾದ್ಯಗಾರರ ಹೆಸರು ಅಚ್ಚಾದದ್ದು. ೧೯೮೩ರಲ್ಲಿ ಆತ ತೀರಿಕೊಂಡ. ಅಲ್ಲಿನ ಗೌರವ ಮಂಟಪದಲ್ಲಿ ಸ್ಥಾನ ಸಿಕ್ಕಿದ್ದು ೨೦೦೦ದಲ್ಲಿ. ಲಾಸ್ ಏಂಜಲೀಸಿನ ಕ್ಯಾರಲ್ ಕೇ ಎಂಬ ಮಹಿಳೆ ಗಿಟಾರು ನುಡಿಸಿ ಸಂಸಾರ ನಡೆಸುತ್ತಿದ್ದವರು. ೧೯೬೩ರಲ್ಲಿ ಒಂದು ಮುದ್ರಣಕ್ಕೆ ಬೇಸ್ ವಾದಕ ಬಾರದೆ ಹೋದಾಗ ಆ ವಾದ್ಯವನ್ನು ಕೈಗೆತ್ತಿಕೊಂಡು, ಮುಂದೆ ಸಾವಿರಾರು ಮುದ್ರಣಗಳಿಗೆ ಬೇಕಾದವರಾದರು. ೨೦೨೫ರಲ್ಲಿ ಅದೇ ಮಂಟಪದವರು ಗೌರವಿಸುತ್ತೇವೆಂದಾಗ, ತಮಗದು ಬೇಡವೆಂದರು.

ಇಷ್ಟು ದೂರ ಹೋಗಬೇಕಾದ್ದಿಲ್ಲ. ನಮ್ಮ ಕನ್ನಡ ಚಿತ್ರಗೀತೆಗಳು ಬಹುಕಾಲ ಮುದ್ರಣವಾದದ್ದು ಮದರಾಸಿನಲ್ಲಿ. ಜಿ.ಕೆ. ವೆಂಕಟೇಶರ ವಾದ್ಯವೃಂದದಲ್ಲಿ ಗಿಟಾರು ಹಿಡಿದು, ಸಹಾಯಕನಾಗಿ ವರ್ಷಗಟ್ಟಲೆ ದುಡಿದ ಯುವಕನೊಬ್ಬನಿದ್ದ. ೧೯೭೬ರಲ್ಲಿ 'ಅನ್ನಕ್ಕಿಳಿ' ಎಂಬ ತಮಿಳು ಚಿತ್ರ ಬಂದ ಮೇಲೆ ಅವನ ಹೆಸರು ಇಳಯರಾಜ ಎಂದು ಲೋಕಕ್ಕೆ ತಿಳಿಯಿತು. ಆತ ಸ್ವಂತ ಚಿತ್ರಕ್ಕೆ ಸಂಗೀತ ಕೊಡದೆ ಗಿಟಾರುಗಾರನಾಗಿಯೇ ಉಳಿದಿದ್ದರೆ, ಕನ್ನಡ ಹಾಡುಗಳ ಹಿಂದಿದ್ದ ಆ ಬೆರಳುಗಳ ಸುಳಿವು ನಮಗೆಲ್ಲಿ ಸಿಗುತ್ತಿತ್ತು? ಹಾಗೆ ಉಳಿದವರು ಎಷ್ಟೋ ಮಂದಿ.

ಈ ದೃಷ್ಟಿಯಿಂದ ಆಕಾಶವಾಣಿಯ ಒಂದು ಪದ್ಧತಿ ನನಗೆ ಬಹಳ ಪ್ರಿಯವಾದದ್ದು. ಕಚೇರಿಗೆ ಮೊದಲೂ ಆಮೇಲೂ ಪಿಟೀಲು ಯಾರದು, ಮೃದಂಗ ಯಾರದು, ಘಟ ಯಾರದು ಎಂದು ಹೇಳುತ್ತಾರೆ. ಕೇಳುವವರು ಆ ಹೊತ್ತಿಗೆ ಕಾಫಿ ತರಲು ಎದ್ದಿರುತ್ತಾರೆ, ಅದು ಬೇರೆ ಮಾತು. ನಿಲಯದ ಕಲಾವಿದರೆಂಬವರು ಬೆಳಿಗ್ಗೆ ಶಾಸ್ತ್ರೀಯ ಗಾಯನಕ್ಕೆ, ಮಧ್ಯಾಹ್ನ ಭಾವಗೀತೆಗೆ, ರಾತ್ರಿ ನಾಟಕದ ಹಿನ್ನೆಲೆಗೆ ಅದೇ ವಾದ್ಯವನ್ನು ಬೇರೆ ಬೇರೆ ಮನೋಧರ್ಮದಿಂದ ನುಡಿಸಿದವರು. ಈ ಬಗೆಯ ಬಹುಮುಖ ಶಕ್ತಿಯನ್ನು ಅಳೆಯಲು ನಮ್ಮಲ್ಲಿ ಕೋಲೇ ಇಲ್ಲ.

ಪಕ್ಕವಾದ್ಯ ಎಂಬ ಮಾತನ್ನೇ ನೋಡಿ. ಪಕ್ಕ ಎಂಬುದು ಸಂಸ್ಕೃತದ ಪಕ್ಷ ಶಬ್ದದ ತದ್ಭವ. ಪಕ್ಷವೆಂದರೆ ಬದಿ, ರೆಕ್ಕೆಯೂ ಹೌದು. ಬದಿಯೆಂಬ ಅರ್ಥವನ್ನು ಮಾತ್ರ ನಾವು ಉಳಿಸಿಕೊಂಡೆವು. ಯಕ್ಷಗಾನದವರು ಹೆಚ್ಚು ಜಾಣರು: ಹಿಂದೆ ಕುಳಿತವರನ್ನು ಹಿಮ್ಮೇಳವೆಂದು ಕರೆದರೂ ಆಟದ ಲಗಾಮನ್ನು ಅಲ್ಲಿನ ಭಾಗವತರ ಕೈಯಲ್ಲೇ ಇಟ್ಟರು.

ಈ ಪಕ್ಕದ ಸ್ಥಾನದಲ್ಲಿ ಕುಳಿತು, ಅದನ್ನು ಬಿಟ್ಟೇಳದೆ, ಅದರ ಎತ್ತರವನ್ನು ಹೆಚ್ಚಿಸಿದವರು ನಮ್ಮ ನಾಡಿನ ಪಿಟೀಲು ಚೌಡಯ್ಯನವರು. ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲಿನಲ್ಲಿ ೧೮೯೫ರಲ್ಲಿ ಹುಟ್ಟಿದವರು. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರಲ್ಲಿ ಗುರುಕುಲವಾಸ ಮಾಡಿದವರು. ಗುರುಗಳು ಗಾಯಕರು. ಶಿಷ್ಯ ಕಲಿತದ್ದು ಪಿಟೀಲು. ಹಾಡುವ ಗಂಟಲಿನಿಂದ ಪಾಠ ಕೇಳಿ ಕಮಾನಿನಲ್ಲಿ ಒಪ್ಪಿಸಬೇಕಾದ ಶಿಕ್ಷಣ ಅದು. ಮುಂದೆ ಯಾವ ಗಾಯಕರ ಪಕ್ಕದಲ್ಲಿ ಕುಳಿತರೂ ಸಾಹಿತ್ಯದ ಉಸಿರು ಎಲ್ಲಿ ನಿಲ್ಲುತ್ತದೆಂಬುದು ಚೌಡಯ್ಯನವರಿಗೆ ತಿಳಿಯುತ್ತಿದ್ದುದಕ್ಕೆ ಇದೇ ಕಾರಣವೆಂದು ನನ್ನ ಊಹೆ.

ಪಕ್ಕವಾದ್ಯದ ಕಷ್ಟವೇನೆಂಬುದನ್ನು ಸ್ವಲ್ಪ ವಿವರಿಸಬೇಕು. ಪಶ್ಚಿಮದ ಮುದ್ರಣಾಲಯದಲ್ಲಿ ವಾದಕನ ಮುಂದೆ ಬರೆದ ಕಾಗದವಾದರೂ ಇರಬಹುದು. ನಮ್ಮ ಕಚೇರಿಯಲ್ಲಿ ಸಾಮಾನ್ಯವಾಗಿ ಪೂರ್ವಾಭ್ಯಾಸವಿಲ್ಲ. ಗಾಯಕರು ಯಾವ ರಾಗ ಎತ್ತುತ್ತಾರೆಂಬುದು ಎತ್ತಿದ ಮೇಲೆಯೇ ತಿಳಿಯುವುದು. ಆಲಾಪನೆಯಲ್ಲಿ ಪಿಟೀಲು ನೆರಳಿನಂತೆ ಅರೆಕ್ಷಣ ಹಿಂದೆ ನಡೆಯಬೇಕು. ಮುಂದೆ ಹೋದರೆ ಉದ್ಧಟತನ, ತೀರ ಹಿಂದೆ ಬಿದ್ದರೆ ಅಸಮರ್ಥತೆ. ಗಾಯಕರು ನಿಲ್ಲಿಸಿದಾಗ ಅದೇ ರಾಗವನ್ನು ತನ್ನದಾಗಿ ನುಡಿಸಬೇಕು. ಅವರಿಗಿಂತ ದೀರ್ಘವಾಗಬಾರದು, ಅವರು ಕಟ್ಟಿದ್ದನ್ನು ಕೆಡವಬಾರದು. ಸ್ವರಪ್ರಸ್ತಾರದಲ್ಲಿ ಎಸೆದ ಲೆಕ್ಕಕ್ಕೆ ಅಷ್ಟೇ ಆವರ್ತದೊಳಗೆ ಉತ್ತರ.

ಇದೂ ಒಬ್ಬ ಗಾಯಕರ ಜೊತೆ ಅಲ್ಲ. ಚೌಡಯ್ಯನವರು ಪಕ್ಕದಲ್ಲಿ ಕುಳಿತವರ ಹೆಸರುಗಳನ್ನು ನೆನೆದರೆ ಆ ಕಾಲದ ದಕ್ಷಿಣಾದಿ ಸಂಗೀತದ ಚರಿತ್ರೆಯೇ ಆಗುತ್ತದೆ. ಅರಿಯಕುಡಿ ರಾಮಾನುಜ ಅಯ್ಯಂಗಾರರದು ಅಳೆದು ಹೊಂದಿಸಿದ ಮಧ್ಯಮಕಾಲದ ನಡೆ. ಅಲ್ಲಿ ಒಂದು ಗಮಕ ಹೆಚ್ಚಾದರೂ ಹಂದರ ವಾಲುತ್ತದೆ. ಚೆಂಬೈ ವೈದ್ಯನಾಥ ಭಾಗವತರದು ತೆರೆದ ಎದೆಯ ಕಂಚಿನ ಕಂಠ. ಅಲ್ಲಿ ಬಿಲ್ಲಿಗೆ ಬಲ ಬೇಕು. ಮುಸಿರಿ ಸುಬ್ರಹ್ಮಣ್ಯ ಅಯ್ಯರರು ನೆರವಲಿನಲ್ಲಿ ಒಂದೇ ಸಾಲನ್ನು ಕರಗಿಸಿ ಕರಗಿಸಿ ಹಾಡಿದವರು. ಅಲ್ಲಿ ಬಲ ಪ್ರದರ್ಶನ ಮಾಡಿದರೆ ಎಲ್ಲವೂ ಹೋಯಿತು. ಜಿ.ಎನ್. ಬಾಲಸುಬ್ರಹ್ಮಣ್ಯಂ ಅವರ ಬಿರ್ಕಾಗಳು ಮಿಂಚಿನಂತೆ ಹಾರುವವು. ಮದುರೆ ಮಣಿ ಅಯ್ಯರರ ಸ್ವರಗಳು ಹರಿಯುವ ನೀರಿನಂತೆ, ಎಲ್ಲಿ ಲೆಕ್ಕ ಕೂಡಿತೆಂಬುದು ಗೊತ್ತಾಗದ ಹಾಗೆ. ಇವತ್ತು ಒಬ್ಬರು, ನಾಡಿದ್ದು ಇನ್ನೊಬ್ಬರು. ರೈಲಿನಲ್ಲಿ ಪ್ರಯಾಣ, ಇಳಿದ ಸಂಜೆಯೇ ಕಚೇರಿ. ಒಬ್ಬೊಬ್ಬರ ಶ್ರುತಿಯೂ ಬೇರೆ. ಪ್ರತಿಸಲವೂ ತಂತಿಗಳನ್ನೆಲ್ಲ ಬಿಗಿದು ಸಡಿಲಿಸಿ ಹೊಂದಿಸಬೇಕು.

ಅದೂ ಎಷ್ಟು ತಂತಿ! ಇಲ್ಲಿಗೆ ನಮ್ಮ ಹುಡುಗನ ಪ್ರಶ್ನೆ ಮರಳಿ ಬರುತ್ತದೆ. ಧ್ವನಿವರ್ಧಕ ಬಳಕೆಗೆ ಬಾರದ ಕಾಲದಲ್ಲಿ ದೊಡ್ಡ ಚಪ್ಪರದ ಹಿಂದಿನ ಸಾಲಿನವರಿಗೆ ಪಿಟೀಲು ಕೇಳುತ್ತಿರಲಿಲ್ಲ. ಗಾಯಕರು ಎದೆಯೆತ್ತಿ ಹಾಡಿದರೆ ದೂರ ಹೋಗುತ್ತದೆ, ಮೃದಂಗವಂತೂ ಹೋಗಿಯೇ ಹೋಗುತ್ತದೆ. ನಾಲ್ಕು ತಂತಿಯ ಪಿಟೀಲಿನ ದನಿ ಮುಂದಿನ ಜಮಖಾನದಲ್ಲಿಯೇ ಇಂಗುತ್ತಿತ್ತು. ೧೯೨೭ರ ಸುಮಾರಿಗೆ ಚೌಡಯ್ಯನವರು ತಮ್ಮ ವಾದ್ಯಕ್ಕೆ ಇನ್ನೂ ಮೂರು ತಂತಿಗಳನ್ನು ಏರಿಸಿದರು. ಮೇಲಿನ ಮೂರು ತಂತಿಗಳಿಗೆ ಒಂದೊಂದು ಜೊತೆ. ಜೊತೆಯ ತಂತಿಗೆ ಒಂದು ಸ್ಥಾಯಿ ಕೆಳಗಿನ ಶ್ರುತಿ. ಕಮಾನು ಎರಡನ್ನೂ ಒಟ್ಟಿಗೆ ಉಜ್ಜಿದಾಗ ಮೇಲೆ ಮಧ್ಯ, ತಳದಲ್ಲಿ ಮಂದ್ರ. ಒಂದೇ ವಾದ್ಯದಲ್ಲಿ ಇಬ್ಬರು ನುಡಿಸಿದ ಹಾಗೆ. ಬೇಸ್ ಗಿಟಾರೆಂಬುದು ಹುಟ್ಟುವುದಕ್ಕೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಮುಂಚೆ, ಮೈಸೂರಿನವರೊಬ್ಬರು ಕಂಡುಕೊಂಡ ಉಪಾಯ ಇದು: ದನಿಗೆ ದೂರ ಹೋಗುವ ಶಕ್ತಿ ಬೇಕಾದರೆ ಅದರ ಕೆಳಗೆ ಇನ್ನೊಂದು ದನಿಯನ್ನು ಹಾಸಬೇಕು.

ಹೇಳಿದಷ್ಟು ಸುಲಭವಲ್ಲ. ಜೋಡಿ ತಂತಿಯನ್ನು ಒಂದೇ ಬೆರಳಿನಿಂದ ಒತ್ತಬೇಕು. ಬೆರಳು ಕೂದಲೆಳೆಯಷ್ಟು ಓರೆಯಾದರೂ ಒಂದು ಶುದ್ಧ, ಇನ್ನೊಂದು ಅಪಶ್ರುತಿ. ಜಾರುಗಮಕದಲ್ಲಿ ಈ ಅಪಾಯ ಇಮ್ಮಡಿ. ಮುಂದೆ ಅವರು, ಕಮಾನು ತಾಗದೆ ತಾವಾಗಿ ಅನುರಣಿಸುವ ಹನ್ನೆರಡು ತಂತಿಗಳನ್ನು ಸೇರಿಸಿ ಹತ್ತೊಂಬತ್ತು ತಂತಿಯ ಪಿಟೀಲನ್ನೂ ಮಾಡಿದರು. ಹತ್ತೊಂಬತ್ತು ಬಿರಡೆ ತಿರುಗಿಸಿ ಶ್ರುತಿ ಮಾಡುವ ವ್ಯವಧಾನ ಯಾರಿಗೆ ಬರಬೇಕು! ಅವರನ್ನು ಅನುಸರಿಸಿದವರೂ ಏಳಕ್ಕೇ ನಿಂತರು. ನನಗೂ ಹತ್ತೊಂಬತ್ತು ಸ್ವಲ್ಪ ಅತಿಯೆಂದೇ ತೋರುತ್ತದೆ.

೧೯೪೩ರಲ್ಲಿ ತೆರೆಕಂಡ 'ವಾಣಿ' ಎಂಬ ಕನ್ನಡ ಚಿತ್ರವನ್ನು ನಿರ್ಮಿಸಿದವರು ಚೌಡಯ್ಯನವರೇ, ಅವರೇ ಅಭಿನಯಿಸಿದರು, ಕೆ. ಹಿರಣ್ಣಯ್ಯನವರ ನಿರ್ದೇಶನ. ಅದರಲ್ಲೊಂದು ಕಚೇರಿಯ ದೃಶ್ಯವಿದೆ. ಹಾಡುವವರು ಚೆಂಬೈ ಭಾಗವತರು, ಮೃದಂಗ ಪಾಲ್ಘಾಟ್ ಮಣಿ ಅಯ್ಯರರದು, ಪಿಟೀಲು ಚೌಡಯ್ಯನವರದು. ತಮ್ಮದೇ ಹಣ, ತಮ್ಮದೇ ಚಿತ್ರ. ನಡುವೆ ಕುಳಿತು ತನಿ ವಾದನವನ್ನು ತೋರಿಸಿಕೊಂಡಿದ್ದರೆ ಬೇಡವೆನ್ನುವವರು ಯಾರು? ಅಲ್ಲಿಯೂ ಅವರು ಪಕ್ಕದಲ್ಲಿಯೇ ಕುಳಿತಿದ್ದಾರೆ. ಆ ಭಾಗ ಈಗಲೂ ನೋಡಸಿಗುತ್ತದೆ. ಮಾತಿಗಿಂತ ಅದನ್ನೇ ನೋಡುವುದು ಮೇಲು.

ಗೌರವದ ವಿಚಾರದಲ್ಲಿ ಚೌಡಯ್ಯನವರನ್ನು ನಾಡು ಮರೆಯಲಿಲ್ಲ. ಮೈಸೂರು ಅರಮನೆಯ ಆಸ್ಥಾನ ವಿದ್ವಾಂಸರಾದರು. 'ತ್ರಿಮಕುಟ' ಎಂಬ ಅಂಕಿತದಲ್ಲಿ ಕೃತಿಗಳನ್ನು ರಚಿಸಿದರು. ೧೯೫೭ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಅಧ್ಯಕ್ಷಪೀಠವೂ ಸಂಗೀತ ಕಲಾನಿಧಿ ಬಿರುದೂ ಬಂದವು. ಆದರೆ ಅದೇ ಪಟ್ಟಿಯನ್ನು ಓದುವಾಗ ಮನಸ್ಸಿಗೆ ಸ್ವಲ್ಪ ಇರಿಸುಮುರಿಸಾಗುತ್ತದೆ. ಪಿಟೀಲಿನವರಿಗೆ ಆ ಬಿರುದು ದ್ವಾರಂ ವೆಂಕಟಸ್ವಾಮಿ ನಾಯುಡು ಅವರ ಕಾಲದಲ್ಲಿ, ೧೯೪೧ರಲ್ಲಿಯೇ, ತಲುಪಿತು. ಮೃದಂಗದವರೊಬ್ಬರಿಗೆ ಅದು ಮೊದಲು ಸಿಕ್ಕಿದ್ದು ೧೯೬೬ರಲ್ಲಿ, ಮಣಿ ಅಯ್ಯರರಿಗೆ. ಅವರಷ್ಟೇ ದೊಡ್ಡವರೆನಿಸಿದ್ದ ಪಳನಿ ಸುಬ್ರಹ್ಮಣ್ಯ ಪಿಳ್ಳೆಯವರು ಅದಕ್ಕೆ ನಾಲ್ಕು ವರ್ಷ ಮೊದಲೇ ತೀರಿಕೊಂಡಿದ್ದರು. ಪಕ್ಕದಲ್ಲಿ ಕುಳಿತವರೊಳಗೂ ಹತ್ತಿರದ ಪಕ್ಕ, ದೂರದ ಪಕ್ಕ ಎಂದು ಭೇದ ಮಾಡಿದ ಸಮಾಜ ನಮ್ಮದು. ಡೆಟ್ರಾಯಿಟಿನವರನ್ನು ಮಾತ್ರ ದೂರಿದರೆ ಸಾಲದು.

ಚೌಡಯ್ಯನವರು ೧೯೬೭ರ ಜನವರಿಯಲ್ಲಿ ಗತಿಸಿದರು. ೧೯೮೦ರಲ್ಲಿ ಕೆ.ಕೆ. ಮೂರ್ತಿಯವರ ಪರಿಶ್ರಮದಿಂದ ಬೆಂಗಳೂರಿನ ಮಲ್ಲೇಶ್ವರದ ಬದಿಯಲ್ಲಿ ಅವರ ಸ್ಮಾರಕ ಭವನ ಎದ್ದಿತು. ತಂತಿ, ಬಿರಡೆ, ಕಮಾನು ಸಹಿತವಾಗಿ ಇಡೀ ಕಟ್ಟಡವೇ ಪಿಟೀಲಿನ ಆಕಾರ. ಅಲ್ಲಿ ಹಾಡಲು ಬರುವ ಎಷ್ಟೇ ದೊಡ್ಡ ಗಾಯಕರೂ ಒಂದು ಪಕ್ಕವಾದ್ಯದ ಹೊಟ್ಟೆಯೊಳಗೆ ಕುಳಿತೇ ಹಾಡಬೇಕು.

ಏಳು ತಂತಿಯ ಪಿಟೀಲನ್ನು ಚೌಡಯ್ಯನವರ ಶಿಷ್ಯರಾದ ಆರ್.ಆರ್. ಕೇಶವಮೂರ್ತಿಯವರು ಬೆಂಗಳೂರಿನಲ್ಲಿ ದೀರ್ಘಕಾಲ ನುಡಿಸಿ, ಅನೇಕರಿಗೆ ಪಿಟೀಲು ಕಲಿಸಿದರು. ಅವರಲ್ಲಿ ಕಲಿತವರು ಬಹುಪಾಲು ನಾಲ್ಕು ತಂತಿಗೆ ಹಿಂತಿರುಗಿದರು. ಅದರಲ್ಲಿ ತಪ್ಪು ಹುಡುಕಲಾಗದು. ಹಿಂದಿನ ಸಾಲಿಗೆ ದನಿ ಮುಟ್ಟಿಸುವ ಕೆಲಸವನ್ನು ಅಷ್ಟರಲ್ಲಿ ಧ್ವನಿಗ್ರಾಹಕವೇ ವಹಿಸಿಕೊಂಡಿತ್ತು. ಆದರೆ ಹಳೆಯ ಮುದ್ರಿಕೆಗಳಲ್ಲಿ ಚೌಡಯ್ಯನವರ ಕಮಾನು ಕೆಳಗಿಳಿದಾಗ ಕೇಳಿಬರುವ ಆ ಎರಡೆಳೆಯ ನಾದ, ಒಂದರ ಕೆಳಗೊಂದು ಹೊಸೆದ ಹುರಿಯಂಥದು, ನಾಲ್ಕು ತಂತಿಯಿಂದ ಎಷ್ಟು ಗಟ್ಟಿಯಾಗಿ ಬಂದರೂ ಬರುವುದಿಲ್ಲ. ಅದನ್ನು ಹುಡುಗನಿಗೆ ಕೇಳಿಸಿದ್ದೇನೆ. ಯಾವ ತಂತಿ ಯಾವುದರ ಜೊತೆಯೆಂದು ಅವನು ಎರಡು ದಿನದಲ್ಲಿ ಬರೆದುಕೊಂಡು ಬಂದ.