ಬೌಲರನ ಇಳಿಗಾಲವನ್ನು ಗುರುತಿಸುವುದು ಹೇಗೆ?



ಕೆ.ಆರ್. ಪುರದಿಂದ ಇಂದಿರಾನಗರ, ಹಲಸೂರು ದಾಟಿ ಮೆಟ್ರೋದಲ್ಲಿ ಬಂದರೂ, ಶಿವಾಜಿನಗರದಿಂದ ನಡೆದೇ ಹೊರಟರೂ ಚಿನ್ನಸ್ವಾಮಿ ಕ್ರೀಡಾಂಗಣವನ್ನು ತಲುಪಬಹುದು. ಅದರ ಸಮೀಪದಲ್ಲೇ, ಮಹಾತ್ಮ ಗಾಂಧಿ ರಸ್ತೆಯಲ್ಲಿ, ಅನಿಲ್ ಕುಂಬ್ಳೆ ವೃತ್ತವಿದೆ. 1999ರಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಒಂದು ಇನಿಂಗ್ಸ್‌ನ ಹತ್ತೂ ವಿಕೆಟ್‌ಗಳನ್ನು 74 ರನ್‌ಗಳಿಗೆ ಉರುಳಿಸಿದವರಿಗೆ ಬೆಂಗಳೂರು ಸಲ್ಲಿಸಿದ ಗೌರವ ಅದು.

ಇದೇ ಕ್ರೀಡಾಂಗಣದ ಮೂರು ಪಂದ್ಯಗಳನ್ನು ನೆನಪಿಸಿಕೊಳ್ಳಿ. 2001ರ ಡಿಸೆಂಬರ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಕುಂಬ್ಳೆ ತಮ್ಮ 300ನೇ ಟೆಸ್ಟ್ ವಿಕೆಟ್ ಪಡೆದರು. 2004ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯದ ವಿರುದ್ಧ 400ನೆಯದು. 2008ರ ಅಕ್ಟೋಬರ್‌ನಲ್ಲಿ ಮತ್ತೆ ಆಸ್ಟ್ರೇಲಿಯ ಬಂದಾಗ, ನಾಯಕರಾಗಿದ್ದ ಅವರಿಗೆ ಎರಡೂ ಇನಿಂಗ್ಸ್ ಸೇರಿ ಒಂದು ವಿಕೆಟ್ಟೂ ಸಿಗಲಿಲ್ಲ. ಆಗ ಅವರಿಗೆ 38 ತುಂಬುವುದರಲ್ಲಿತ್ತು. ಶಕ್ತಿ ಕುಂದಿತ್ತೇ? ಅಥವಾ ಅದು ಒಂದು ಪಂದ್ಯದ ದುರದೃಷ್ಟವೇ? ಇಂಥ ಪ್ರಶ್ನೆಗೆ ವಿಜ್ಞಾನದ ವಿದ್ಯಾರ್ಥಿ ಹೇಗೆ ಉತ್ತರ ಹುಡುಕಬೇಕು ಎಂಬುದೇ ಇಂದಿನ ವಿಷಯ.

ಆತುರದ ತೀರ್ಪು ಎಷ್ಟು ದುಬಾರಿಯಾಗಬಹುದು ಎಂಬುದನ್ನು ಮೊದಲು ನೋಡೋಣ. 2001ರಲ್ಲಿ ಕುಂಬ್ಳೆಯವರ ಭುಜಕ್ಕೆ ಶಸ್ತ್ರಚಿಕಿತ್ಸೆಯಾಯಿತು. ಅವರಿಲ್ಲದ ಆ ವರ್ಷದ ಆಸ್ಟ್ರೇಲಿಯ ಸರಣಿಯಲ್ಲಿ ಯುವಕ ಹರಭಜನ್ ಸಿಂಗ್ ಮೂರು ಟೆಸ್ಟ್‌ಗಳಲ್ಲಿ 32 ವಿಕೆಟ್ ಪಡೆದರು. 2003ರ ಕೊನೆಯಲ್ಲಿ ಭಾರತ ಆಸ್ಟ್ರೇಲಿಯಕ್ಕೆ ಹೋದಾಗ ಬ್ರಿಸ್ಬೇನ್‌ನ ಮೊದಲ ಟೆಸ್ಟ್‌ನಲ್ಲಿ ಆಡಿದ ಸ್ಪಿನ್ನರ್ ಹರಭಜನ್. 33 ವರ್ಷದ ಕುಂಬ್ಳೆ ಹೊರಗೆ ಕುಳಿತಿದ್ದರು. ಹರಭಜನ್ ಗಾಯಗೊಂಡದ್ದರಿಂದ ಕುಂಬ್ಳೆಗೆ ಸ್ಥಾನ ದೊರೆಯಿತು. ಉಳಿದ ಮೂರು ಟೆಸ್ಟ್‌ಗಳಲ್ಲಿ ಅವರು 24 ವಿಕೆಟ್ ಕಿತ್ತರು. ಸಿಡ್ನಿಯ ಒಂದೇ ಇನಿಂಗ್ಸ್‌ನಲ್ಲಿ 8. ಶಸ್ತ್ರಚಿಕಿತ್ಸೆಯಾದ ಭುಜ, ಮೂವತ್ತು ದಾಟಿದ ವಯಸ್ಸು, ಕೈತಪ್ಪಿದ ಸ್ಥಾನ: ಇಳಿಗಾಲದ ಲಕ್ಷಣಗಳೆಲ್ಲ ಅಲ್ಲಿದ್ದವು. ಇಳಿಗಾಲ ಮಾತ್ರ ಬಂದಿರಲಿಲ್ಲ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಕುಂಬ್ಳೆ 132 ಟೆಸ್ಟ್‌ಗಳಲ್ಲಿ 619 ವಿಕೆಟ್ ಪಡೆದರು. ಅಂದರೆ ಟೆಸ್ಟ್‌ಗೆ ಸುಮಾರು 4.7, ಮೂರು ಟೆಸ್ಟ್‌ಗಳಿಗೆ 14. ಬೆಂಗಳೂರು ಪಂದ್ಯಕ್ಕೆ ಮೊದಲು, 2008ರ ಶ್ರೀಲಂಕಾ ಪ್ರವಾಸದ ಮೂರು ಟೆಸ್ಟ್‌ಗಳಲ್ಲಿ ಅವರಿಗೆ ಸಿಕ್ಕದ್ದು 8. ಬೌಲರನ ಸಾಮರ್ಥ್ಯ ಕಿಂಚಿತ್ತೂ ಬದಲಾಗಿಲ್ಲ, ಏರಿಳಿತವೆಲ್ಲ ಬರೀ ಆಕಸ್ಮಿಕ ಎಂದೇ ಭಾವಿಸಿ. ಆಗಲೂ ಮೂರು ಟೆಸ್ಟ್‌ಗಳಲ್ಲಿ 8 ಅಥವಾ ಅದಕ್ಕಿಂತ ಕಡಿಮೆ ವಿಕೆಟ್ ಬರುವ ಸಂಭವ ನೂರಕ್ಕೆ ಸುಮಾರು 6. ಪದವಿ ತರಗತಿಯಲ್ಲಿ ಸಂಖ್ಯಾಶಾಸ್ತ್ರ ಓದುವವರು ಪಾಯ್ಸಾನ್ ಸೂತ್ರದಿಂದ ಇದನ್ನು ತಾಳೆ ನೋಡಬಹುದು. 132 ಟೆಸ್ಟ್‌ಗಳನ್ನು ಮೂರು ಮೂರರಂತೆ ವಿಂಗಡಿಸಿದರೆ 44 ಗುಂಪುಗಳು. ಹಾಗಾದರೆ ಉತ್ತಮ ಸ್ಥಿತಿಯಲ್ಲಿರುವಾಗಲೂ ಇಂಥ ಎರಡು ಮೂರು ಬರಗಾಲಗಳು ಬಂದೇ ಬರುತ್ತವೆ. ಪಿಚ್ಚು, ಎದುರಾಳಿ ತಂಡ, ಕೈಚೆಲ್ಲಿದ ಕ್ಯಾಚುಗಳನ್ನು ಸೇರಿಸಿಕೊಂಡರೆ ಇನ್ನೂ ಹೆಚ್ಚು.

ಬೆಂಗಳೂರಿನ ಸೊನ್ನೆಯನ್ನೂ ಸೇರಿಸಿ ನೋಡಿ. ಸತತ ನಾಲ್ಕು ಟೆಸ್ಟ್‌ಗಳಲ್ಲಿ 19ರ ನಿರೀಕ್ಷೆಯಿದ್ದ ಕಡೆ 8 ವಿಕೆಟ್. ಸಂಭವ ಸಾವಿರಕ್ಕೆ ಸುಮಾರು 5ಕ್ಕೆ ಇಳಿಯುತ್ತದೆ. ಈಗ ಅನುಮಾನಕ್ಕೆ ಬಲವಾದ ಕಾರಣವಿದೆ. ಆದರೂ ಇದು ಅನುಮಾನವೇ ಹೊರತು ತೀರ್ಪಲ್ಲ.

ತೀರ್ಪಿಗೆ ಏನು ಬೇಕು? ವಿಕೆಟ್ ಬೀಳುವುದರಲ್ಲಿ ದಾಂಡಿಗನ ಪಾಲಿದೆ, ಕ್ಷೇತ್ರರಕ್ಷಕನ ಪಾಲಿದೆ, ಅಂಪೈರರ ಪಾಲೂ ಇದೆ. ಬೌಲರನ ಕೈಯಲ್ಲೇ ಇರುವುದು ಎಸೆತದ ವೇಗ, ಚೆಂಡು ಬೀಳುವ ಜಾಗ, ಪುಟಿಯುವ ಎತ್ತರ, ತಿರುವು. ಎತ್ತರದ ಆಳಾದ ಕುಂಬ್ಳೆ ಉಳಿದ ಸ್ಪಿನ್ನರ್‌ಗಳಿಗಿಂತ ವೇಗವಾಗಿ ಎಸೆದು, ಪುಟಿತದಿಂದಲೇ ದಾಂಡಿಗರನ್ನು ಕಾಡಿದವರು. ಅಂಥವರ ಭುಜ ದಣಿದರೆ ಅದು ಮೊದಲು ಕಾಣುವುದು ಆ ವೇಗದಲ್ಲಿ, ಆ ಪುಟಿತದಲ್ಲಿ. ವಿಕೆಟ್ ಪಟ್ಟಿಗೆ ಅದು ತಡವಾಗಿ ಬರುತ್ತದೆ. ಚೆಂಡಿನ ಜಾಡು ಹಿಡಿಯುವ ಹಾಕ್-ಐ ಕ್ಯಾಮೆರಾಗಳು 2001ರಲ್ಲಿ ಕ್ರಿಕೆಟ್ಟಿಗೆ ಬಂದವು. ಅಮೆರಿಕದ ಬೇಸ್‌ಬಾಲ್‌ನಲ್ಲಿಯೂ ಪಿಚರ್ ಎಸೆಯುವ ಪ್ರತಿ ಚೆಂಡಿನ ವೇಗವನ್ನು ಅಳೆಯುತ್ತಾರೆ. ಆದರೆ ವೇಗ ತಗ್ಗಿದ ಮಾತ್ರಕ್ಕೆ ಆಟ ಮುಗಿಯಿತು ಎನ್ನುವಂತಿಲ್ಲ. ಆಟಗಾರ ಅದಕ್ಕೆ ಬದಲಾಗಿ ಏನನ್ನು ಕಲಿತಿದ್ದಾನೆ ಎಂದೂ ಕೇಳಬೇಕು. ಭುಜದ ಚಿಕಿತ್ಸೆಯ ನಂತರ ಕುಂಬ್ಳೆ ವೇಗದಲ್ಲಿ ಏರುಪೇರು ಮಾಡುವುದನ್ನೂ ಗೂಗ್ಲಿಯ ಹೊಸ ಬಗೆಯನ್ನೂ ಬೆಳೆಸಿಕೊಂಡಿದ್ದರು.

ದೂರದರ್ಶನದ ನಿರ್ಮಾಪಕನಾಗಿ ಒಂದು ಎಚ್ಚರಿಕೆ ಹೇಳಬೇಕು. ರಾತ್ರಿ ನಾವು ತೋರಿಸುವ ಮುಖ್ಯಾಂಶಗಳಲ್ಲಿ ಬಿದ್ದ ವಿಕೆಟ್‌ಗಳೇ ಇರುತ್ತವೆ. ದಾಂಡಿಗ ಕಷ್ಟಪಟ್ಟು ತಡೆದ ನಲವತ್ತು ಎಸೆತಗಳನ್ನು ನಾವು ಕತ್ತರಿಸಿರುತ್ತೇವೆ. ಅದನ್ನು ನೋಡಿ ಬೌಲರನ ಭವಿಷ್ಯ ಹೇಳಬೇಡಿ.

ಆಯ್ಕೆಗಾರರಿಗೆ ಪೂರ್ಣ ಸಾಕ್ಷ್ಯ ಬರುವವರೆಗೆ ಕಾಯುವ ಅವಕಾಶವಿಲ್ಲ. ಬೇಗ ಕೈಬಿಟ್ಟರೆ ಸಿಡ್ನಿಯಂಥ ದಿನ ತಪ್ಪಿಹೋಗುತ್ತದೆ. ತಡಮಾಡಿದರೆ ಹೊಸ ಹುಡುಗನೊಬ್ಬನ ವರ್ಷಗಳು ಹಾಳಾಗುತ್ತವೆ. 2008ರಲ್ಲಿ ಆ ತೀರ್ಮಾನವನ್ನು ಕುಂಬ್ಳೆ ಅವರೇ ಕೈಗೊಂಡರು. ಭುಜದ ನೋವಿನಿಂದ ಮೊಹಾಲಿ ಟೆಸ್ಟ್ ಆಡಲಿಲ್ಲ. ದೆಹಲಿಯಲ್ಲಿ ಎಡಗೈ ಬೆರಳಿಗೆ ಪೆಟ್ಟಾಗಿ ಹೊಲಿಗೆ ಬಿದ್ದಿತು. ನವೆಂಬರ್ 2ರಂದು, ಹತ್ತು ವಿಕೆಟ್ ಪಡೆದ ಅದೇ ಕೋಟ್ಲಾ ಮೈದಾನದಲ್ಲಿ ನಿವೃತ್ತಿ ಘೋಷಿಸಿದರು. ತನ್ನ ದೇಹದ ಸುದ್ದಿ ಆಟಗಾರನಿಗೆ ಅಂಕಿ ಅಂಶಗಳಿಗಿಂತ ಮೊದಲೇ ತಿಳಿದಿರುತ್ತದೆ.

ನಿಮ್ಮ ಕಾಲೇಜು ತಂಡದ ಮುಖ್ಯ ಬೌಲರನಿಗೆ ಈ ಸಲ ಎರಡು ಮೂರು ಪಂದ್ಯಗಳಲ್ಲಿ ವಿಕೆಟ್ ಬೀಳದಿದ್ದರೆ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪ್ರತಿ ಎಸೆತ ಎಲ್ಲಿ ಬಿತ್ತು, ದಾಂಡಿಗ ತಡವರಿಸಿದನೇ, ಕ್ಯಾಚು ಬಿಟ್ಟವರಾರು ಎಂದು ಗುರುತು ಹಾಕುತ್ತಾ ಹೋಗಿ. ಕಳೆದ ವರ್ಷದ ಲೆಕ್ಕವಿದ್ದರೆ ಪಕ್ಕದಲ್ಲಿಟ್ಟು ಹೋಲಿಸಿ. ಭುಜ ನೋಯುತ್ತಿದೆಯೇ ಎಂದು ಅವನನ್ನೇ ಕೇಳಿ. ತಂಡದಿಂದ ಕೈಬಿಡುವ ಮಾತು ಆಮೇಲೆ.